ಕ್ಲಚ್ ಪೆಡಲ್ ಬಿಗಿಯಾಗುವುದೇಕೆ?

ಧಾರವಾಡದ ಜ್ಯುಬಿಲಿ ವೃತ್ತದಿಂದ ಹುಬ್ಬಳ್ಳಿಯ ಚೆನ್ನಮ್ಮ ವೃತ್ತಕ್ಕೆ ಸುಮಾರು 20 ಕಿ.ಮೀ. ಸಂಜೆಯ ದಟ್ಟಣೆಯಲ್ಲಿ ಕಾರು ಓಡಿಸುವವರ ಎಡಗಾಲು ಕ್ಲಚ್ಚನ್ನು ಎಷ್ಟು ಸಲ ಒತ್ತುತ್ತದೆಯೋ ಲೆಕ್ಕವಿಲ್ಲ. ಪೆಡಲ್ ಬಿಗಿಯಾಗಿದ್ದರೆ ಮನೆ ಸೇರುವಷ್ಟರಲ್ಲಿ ಮೊಣಕಾಲು ನೋಯುತ್ತದೆ. ‘ಪೆಡಲಿನ ತೋಳು ಉದ್ದ ಮಾಡಿಸಿದರಾಯಿತು’ ಎನ್ನುವವರೂ ಉಂಟು. ಇದು ಸರಿಯೇ?

ಇಂಜಿನ್ನಿನ ಫ್ಲೈವೀಲಿಗೆ ಕ್ಲಚ್ ಪ್ಲೇಟನ್ನು ಬಲವಾದ ಸ್ಪ್ರಿಂಗ್ ಅದುಮಿ ಹಿಡಿದಿರುತ್ತದೆ. ಅದರಿಂದಲೇ ಇಂಜಿನ್ನಿನ ಶಕ್ತಿ ಚಕ್ರಗಳಿಗೆ ತಲುಪುತ್ತದೆ. ಪೆಡಲ್ ಒತ್ತಿದಾಗ ಈ ಹಿಡಿತ ಸಡಿಲವಾಗಿ ಗೇರು ಬದಲಿಸಲು ಸಾಧ್ಯವಾಗುತ್ತದೆ.

ಪೆಡಲ್ ಒಂದು ಸನ್ನೆ. ಅದು 12 ಸೆಂ.ಮೀ. ಚಲಿಸಿದಾಗ ಸ್ಪ್ರಿಂಗನ್ನು ತಳ್ಳುವ ಬೇರಿಂಗ್ 1 ಸೆಂ.ಮೀ. ಸರಿಯುತ್ತದೆ ಎಂದಿಟ್ಟುಕೊಳ್ಳೋಣ. ಘರ್ಷಣೆ ಇಲ್ಲದಿದ್ದರೆ ಕಾಲಿನ 10 ಕಿಲೋ ಬಲ ಅಲ್ಲಿ 120 ಕಿಲೋ ಆಗುತ್ತದೆ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಲೇಬೇಕು. ತೋಳು ಉದ್ದವಾದರೆ ಕಾಲು ಇನ್ನೂ ದೂರ ಹೋಗಬೇಕು. ಆದರೆ ಪೆಡಲಿನ ಕೆಳಗೆ ಇರುವ ಜಾಗ ಅಷ್ಟೇ. ಆಗ ಕ್ಲಚ್ ಪೂರ್ತಿ ಬಿಡದೆ ಗೇರು ಕರಕರ ಎನ್ನುತ್ತದೆ, ಪ್ಲೇಟ್ ಬೇಗ ಸವೆಯುತ್ತದೆ.

ಹಾಗಾದರೆ ಹಗುರವಾಗಿದ್ದ ಪೆಡಲ್ ಬಿಗಿಯಾದದ್ದೇಕೆ? ಸನ್ನೆ ಬದಲಾಗಿಲ್ಲ, ಹೆಚ್ಚಿರುವುದು ಬಹುಮಟ್ಟಿಗೆ ಘರ್ಷಣೆ. ಅನೇಕ ಸಣ್ಣ ಕಾರುಗಳಲ್ಲಿ ಪೆಡಲಿನ ಎಳೆತವನ್ನು ಒಯ್ಯುವುದು ಕವಚದೊಳಗಿನ ಉಕ್ಕಿನ ಕೇಬಲ್. ಎತ್ತಿನ ಹಗ್ಗವನ್ನು ಗೂಟಕ್ಕೆ ಎರಡು ಸುತ್ತು ಹಾಕಿದರೆ ಹುಡುಗನೂ ಎತ್ತನ್ನು ತಡೆದು ನಿಲ್ಲಿಸಬಲ್ಲ. ಅಲ್ಲಿ ನೆರವಾಗುವ ಘರ್ಷಣೆಯೇ ಕೇಬಲಿನ ತಿರುವುಗಳಲ್ಲಿ ಕಾಲಿಗೆ ಎದುರಾಗುತ್ತದೆ. ತಿರುವುಗಳೆಲ್ಲ ಸೇರಿ 180 ಡಿಗ್ರಿ ಇದ್ದು, ಘರ್ಷಣಾಂಕ 0.1 ಆಗಿದ್ದರೆ ಸುಮಾರು 1.4 ಪಟ್ಟು ಬಲ ಬೇಕು. ಧೂಳು, ತುಕ್ಕು ಸೇರಿ ಅದು 0.3 ಆದರೆ ಸುಮಾರು 2.6 ಪಟ್ಟು!

ಆದ್ದರಿಂದ ಮೆಕ್ಯಾನಿಕ್ ಮೊದಲು ಕೇಬಲನ್ನು ಬಿಚ್ಚಿ ಕೈಯಿಂದ ಎಳೆದು ನೋಡಬೇಕು. ತಡೆದು ತಡೆದು ಬಂದರೆ ಹೊಸದನ್ನು ಹಾಕಿ, ಚೂಪಾದ ತಿರುವು ಬಾರದಂತೆ ಕೂರಿಸಬೇಕು. ತಡಮಾಡಿದರೆ ಎಳೆ ಎಳೆಯಾಗಿ ಹರಿದ ಕೇಬಲ್ ನಡುರಸ್ತೆಯಲ್ಲೇ ತುಂಡಾಗಬಹುದು. ಕೇಬಲ್ ಸಲೀಸಾಗಿದ್ದರೆ ಪೆಡಲಿನ ಕೀಲು, ಬೇರಿಂಗನ್ನು ತಳ್ಳುವ ಫೋರ್ಕ್ ಇವನ್ನು ಪರೀಕ್ಷಿಸಬೇಕು. ಅವೂ ಸರಿಯಿದ್ದರೆ ಪ್ಲೇಟ್ ಸವೆದಿರಬಹುದು. ಪ್ಲೇಟ್ ಸವೆದಂತೆ ಸ್ಪ್ರಿಂಗಿನ ಓರೆ ಬದಲಾಗಿ ಪೆಡಲ್ ಬಿಗಿಯಾಗುತ್ತದೆ. ಗೇರ್‌ಬಾಕ್ಸ್ ಇಳಿಸುವ ಆ ಖರ್ಚು ದೊಡ್ಡದು. ಅದಕ್ಕೆಂದೇ ಅದು ಕೊನೆಯ ಪರೀಕ್ಷೆ.

ವಿದ್ಯಾರ್ಥಿಗಳು ಇಂಜಿನ್ ನಿಲ್ಲಿಸಿದ ಕಾರಿನಲ್ಲಿ, ಹಿರಿಯರ ಎದುರು, ಪೆಡಲಿನ ಕೀಲಿನಿಂದ ಕಾಲಿಡುವ ಜಾಗಕ್ಕೂ ಕೇಬಲ್ ಸಿಕ್ಕಿಸಿದ ಜಾಗಕ್ಕೂ ಇರುವ ದೂರಗಳನ್ನು ಅಳೆಯಬಹುದು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಪಠ್ಯಪುಸ್ತಕದ ‘ಯಾಂತ್ರಿಕ ಲಾಭ’ ಕಾಲಬುಡದಲ್ಲೇ ಸಿಗುತ್ತದೆ.