ವಸಡಿನ ಸಂದಿನ ಬಯೋಫಿಲ್ಮ್

ಹಲ್ಲಿಗೆ ವಸಡು ತಾಗುವ ಕಡೆ 1ರಿಂದ 3 ಮಿಲಿಮೀಟರ್ ಆಳದ ಸಂದು ಇರುತ್ತದೆ. ಅಲ್ಲಿ ಬ್ಯಾಕ್ಟೀರಿಯಾಗಳು ಒಂಟಿಯಾಗಿ ತೇಲಾಡುವುದು ಕಡಿಮೆ. ತಾವೇ ಸ್ರವಿಸಿದ ಲೋಳೆಯಲ್ಲಿ ಹುದುಗಿ, ಹಲ್ಲಿನ ಬುಡಕ್ಕೆ ಪದರವಾಗಿ ಅಂಟಿಕೊಳ್ಳುತ್ತವೆ. ಇದೇ ಬಯೋಫಿಲ್ಮ್. ದಂತವೈದ್ಯರು ಪ್ಲಾಕ್ ಎನ್ನುವುದು ಇದನ್ನೇ.

ಹಲ್ಲುಜ್ಜಿದ ಕೆಲವೇ ನಿಮಿಷಗಳಲ್ಲಿ ಜೊಲ್ಲಿನ ಪ್ರೋಟೀನುಗಳು ಹಲ್ಲಿನ ಮೇಲೆ ತೆಳುವಾಗಿ ಹರಡುತ್ತವೆ. ಅದಕ್ಕೆ ಮೊದಲು ಅಂಟುವುದು ಸ್ಟ್ರೆಪ್ಟೊಕಾಕಸ್ ಬಳಗ. ಅವು ಆಮ್ಲಜನಕವನ್ನು ಬಳಸಿ ಮುಗಿಸುತ್ತಾ ಹೋದಂತೆ, ಗಾಳಿ ಸೋಕಿದರೆ ಬದುಕದ ಜಾತಿಗಳಿಗೂ ಜಾಗವಾಗುತ್ತದೆ. ಉದ್ದ ಕಡ್ಡಿಯಂಥ ಫ್ಯೂಸೊಬ್ಯಾಕ್ಟೀರಿಯಂ ಮೊದಲು ಬಂದವನ್ನೂ ತಡವಾಗಿ ಬರುವ ಪೊರ್ಫಿರೊಮೊನಾಸ್ ಜಿಂಜಿವ್ಯಾಲಿಸ್ ಅನ್ನೂ ಒಟ್ಟಿಗೆ ಹಿಡಿದಿಡುತ್ತದೆ. ಈ ಕೊನೆಯದಕ್ಕೆ ರಕ್ತದಲ್ಲಿರುವ ಹೀಮ್ ಎಂಬ ಕಬ್ಬಿಣಯುಕ್ತ ಅಂಶ ಬೇಕು. ವಸಡು ಊದಿ ರಕ್ತ ಒಸರಿದಷ್ಟೂ ಅದಕ್ಕೆ ಸುಗ್ಗಿ.

1965ರಲ್ಲಿ ಹರಾಲ್ಡ್ ಲೋ ಮತ್ತು ಸಂಗಡಿಗರು 12 ಆರೋಗ್ಯವಂತರಿಗೆ ಹಲ್ಲುಜ್ಜುವುದನ್ನೇ ಬಿಡಿಸಿದರು. ಮೂರು ವಾರದೊಳಗೆ ಎಲ್ಲರ ವಸಡೂ ಊದಿತು. ಮತ್ತೆ ಉಜ್ಜತೊಡಗಿದ ಮೇಲೆ ಸುಮಾರು ಒಂದು ವಾರದಲ್ಲಿ ಸರಿಹೋಯಿತು. ಪ್ಲಾಕೇ ಕಾರಣವೆಂಬುದಕ್ಕೆ ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಈ ಪದರವನ್ನು ಅಧ್ಯಯನ ಮಾಡುವವರಿಗೆ ಮೊದಲ ತೊಡಕು ಮಾದರಿಯನ್ನು ಜೀವಂತ ಉಳಿಸಿಕೊಳ್ಳುವುದು. ಹಾಗಾಗಿ ರೋಗಿಯ ಕುರ್ಚಿಗೂ ಪ್ರಯೋಗಾಲಯಕ್ಕೂ ದೂರ ಕಡಿಮೆಯಿದ್ದಷ್ಟೂ ಇಂಥ ಕೆಲಸಕ್ಕೆ ಅನುಕೂಲ. ಉದಾಹರಣೆಗೆ, ದೆಹಲಿಯ ಓಖ್ಲಾದಲ್ಲಿರುವ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾದಲ್ಲಿ 2009ರಲ್ಲಿ ಶುರುವಾದ ದಂತವಿಜ್ಞಾನ ನಿಕಾಯವೂ ಇದೆ, ಬಯೋಸೈನ್ಸಸ್ ವಿಭಾಗವೂ ಇದೆ. ರೋಗಿಯ ಕುರ್ಚಿಗೂ ಪ್ರಯೋಗಾಲಯಕ್ಕೂ ದೂರ ಕಡಿಮೆಯಿದ್ದಷ್ಟೂ ಇಂಥ ಕೆಲಸಕ್ಕೆ ಅನುಕೂಲ. ಮಾದರಿಗಾಗಿ ಹಲ್ಲನ್ನು ಹತ್ತಿಯಿಂದ ಒಣಗಿಸಿ, ಸೂಜಿಮೊನೆಯ ಕಾಗದದ ಕಡ್ಡಿಯನ್ನು ಸಂದಿಗೆ ಇಳಿಸಿ, ಕೆಲ ಸೆಕೆಂಡು ಬಿಟ್ಟು ತೆಗೆಯುತ್ತಾರೆ. ಆಮ್ಲಜನಕವಿಲ್ಲದ ಪೆಟ್ಟಿಗೆಯೊಳಗೆ, ರಕ್ತ ಬೆರೆಸಿದ ಅಗರ್ ತಟ್ಟೆಯ ಮೇಲೆ, 37 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೆಳೆಸಿದರೆ ಜಿಂಜಿವ್ಯಾಲಿಸ್ ಇದ್ದಲ್ಲಿ ಕೆಲವು ದಿನಗಳ ಮೇಲೆ ಕಪ್ಪು ಚುಕ್ಕೆಗಳು ಮೂಡುತ್ತವೆ. ಹೀಮ್ ಕೂಡಿಟ್ಟುಕೊಂಡದ್ದರಿಂದ ಬಂದ ಬಣ್ಣ ಅದು.

ಆದರೆ ತಟ್ಟೆಯ ಮೇಲಿನ ಚುಕ್ಕೆ ಬಯೋಫಿಲ್ಮ್ ಅಲ್ಲ. ಅದಕ್ಕಾಗಿ ಹಲ್ಲಿನ ಖನಿಜವಾದ ಹೈಡ್ರಾಕ್ಸಿಅಪಟೈಟ್ ಬಿಲ್ಲೆಗಳಿಗೆ ಜೊಲ್ಲು ಸವರಿ, ಹಲವು ಜಾತಿಗಳನ್ನು ಒಟ್ಟಿಗೆ ಬೆಳೆಸುತ್ತಾರೆ. ಕಾನ್‌ಫೋಕಲ್ ಸೂಕ್ಷ್ಮದರ್ಶಕದಲ್ಲಿ ಬದುಕಿದವು ಹಸಿರಾಗಿ, ಸತ್ತವು ಕೆಂಪಾಗಿ ಕಾಣುವಂತೆ ಬಣ್ಣ ಹಾಕುವುದುಂಟು. ಮೌತ್‌ವಾಶ್‌ಗಳಲ್ಲಿ ಬಳಸುವ ಕ್ಲೋರ್‌ಹೆಕ್ಸಿಡಿನ್ ಸುರಿದರೆ ಮೇಲ್ಪದರ ಕೆಂಪಾಗಿದ್ದರೂ ತಳ ಹಸಿರಾಗಿಯೇ ಉಳಿಯಬಹುದು. ತೇಲುವ ಬ್ಯಾಕ್ಟೀರಿಯಾಗಳ ಮೇಲಷ್ಟೇ ಪರೀಕ್ಷಿಸಿ ಮೌತ್‌ವಾಶ್ ಒಂದನ್ನು ಹೊಗಳುವುದು ಅವಸರದ ಮಾತು. 17ನೆಯ ಶತಮಾನದಲ್ಲೇ ಡಚ್ ಸೂಕ್ಷ್ಮದರ್ಶಕ ತಜ್ಞ ಲೇವನ್‌ಹುಕ್, ವಿನಿಗರ್‌ನಿಂದ ಬಾಯಿ ಮುಕ್ಕಳಿಸಿದರೆ ಹಲ್ಲಿನ ಕೊಳೆಯ ಹೊರಮೈಯ ಜೀವಿಗಳು ಮಾತ್ರ ಸಾಯುವುದನ್ನು ಗಮನಿಸಿದ್ದ.

ಹಾಗಾಗಿ ಈ ಪದರವನ್ನು ಉಜ್ಜಿಯೇ ಕೀಳಬೇಕು. ಬಿಟ್ಟರೆ ಜೊಲ್ಲಿನ ಕ್ಯಾಲ್ಸಿಯಂ, ಫಾಸ್ಫೇಟ್ ಸೇರಿ ಗಟ್ಟಿಯಾಗುತ್ತದೆ. ಆಮೇಲೆ ಬ್ರಷ್‌ಗೆ ಬಗ್ಗದು, ದಂತವೈದ್ಯರ ಸ್ಕೇಲರ್ ಎಂಬ ಉಪಕರಣವೇ ಬೇಕು.