ಬಸವಕಲ್ಯಾಣದ ನೆರಳಿನಲ್ಲಿ ಟೋಡ್ ಲಿಲಿ ಅರಳೀತೆ?

ಬಸವಕಲ್ಯಾಣ: ಮನೆಯ ಹಿತ್ತಲಿನಲ್ಲಿ ಬೇವಿನ ಮರವೊಂದು ಹರಡಿ ನಿಂತಿದ್ದರೆ ಅದರಡಿ ಗುಲಾಬಿ ಸೊರಗುತ್ತದೆ, ಸೇವಂತಿಗೆ ಮೊಗ್ಗು ಬಿಡಲು ಹಿಂಜರಿಯುತ್ತದೆ. ಇಂತಹ ಜಾಗಕ್ಕೆ ಹೂಗಿಡ ಹುಡುಕುವವರ ಕಣ್ಣಿಗೆ ಅಂತರ್ಜಾಲದಲ್ಲಿ ಬೀಳುವ ಹೆಸರುಗಳಲ್ಲಿ ಟೋಡ್ ಲಿಲಿಯೂ ಒಂದು. ‘ನೆರಳಿನಲ್ಲಿ ಹೂ ಬಿಡುವ ಸಸ್ಯ’ ಎಂಬ ವಿವರಣೆಯನ್ನು ನಂಬಿ ದುಬಾರಿ ಗೆಡ್ಡೆ ತರಿಸುವ ಮುನ್ನ ಒಂದು ಪ್ರಶ್ನೆ ಕೇಳಿಕೊಳ್ಳುವುದು ಒಳಿತು: ಅದು ಯಾವ ಊರಿನ ನೆರಳು?

ಹಿಮಾಲಯದ ತಪ್ಪಲಿನ ಹೂವು

ಟೋಡ್ ಲಿಲಿಯ ಸಸ್ಯಶಾಸ್ತ್ರೀಯ ಹೆಸರು ಟ್ರೈಸಿರ್ಟಿಸ್. ಹಿಮಾಲಯದ ಪೂರ್ವಭಾಗದಿಂದ ಚೀನಾ, ತೈವಾನ್, ಜಪಾನ್‌ವರೆಗೆ ಇದರ ಸುಮಾರು 20 ಪ್ರಭೇದಗಳು ಕಾಡಿನ ಅಂಚಿನಲ್ಲಿ ಬೆಳೆಯುತ್ತವೆ. ಬಿಳಿ ಅಥವಾ ತಿಳಿನೇರಳೆ ಎಸಳುಗಳ ಮೇಲಿನ ಕಡುನೇರಳೆ ಚುಕ್ಕೆಗಳು ನೆಲಗಪ್ಪೆಯ ಚರ್ಮವನ್ನು ನೆನಪಿಸುವುದರಿಂದ ಈ ಹೆಸರು ಬಂದಿದೆ. ಉಳಿದ ಹೂಗಳು ಮುಗಿಯುತ್ತ ಬರುವ ಶರತ್ಕಾಲದಲ್ಲಿ ಇದು ಅರಳುವುದರಿಂದ ತಂಪು ದೇಶಗಳ ಉದ್ಯಾನಪ್ರಿಯರಿಗೆ ಅಚ್ಚುಮೆಚ್ಚು.

ಇದಕ್ಕೆ ಬೇಕಾದುದು ಎಲೆಗೊಬ್ಬರ ತುಂಬಿದ, ಎಂದೂ ಪೂರ್ತಿ ಒಣಗದ, ಆದರೆ ನೀರು ನಿಲ್ಲದ ಮಣ್ಣು. ಜೊತೆಗೆ ತೇವಭರಿತ ತಂಪು ಗಾಳಿ. ನೆರಳು ಇವೆಲ್ಲದರ ಜೊತೆಗಿನ ಒಂದು ಅಂಶ ಮಾತ್ರ.

ನೆರಳೆಂದರೆ ತಂಪಲ್ಲ

ತಪ್ಪು ತಿಳಿವಳಿಕೆ ಹುಟ್ಟುವುದು ಇಲ್ಲಿಯೇ. ಬೀದರ್ ಜಿಲ್ಲೆಯಲ್ಲಿ ಬೇಸಿಗೆಯ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದುಂಟು. ಹವಾಮಾನ ಇಲಾಖೆ ಪ್ರಕಟಿಸುವ ಈ ಅಂಕಿ ಬಿಸಿಲಿನದ್ದಲ್ಲ. ಗಾಳಿಯಾಡುವ ಪೆಟ್ಟಿಗೆಯೊಳಗೆ, ನೆರಳಿನಲ್ಲಿಯೇ ಅಳೆದದ್ದು! ಮರದ ನೆರಳು ಬೆಳಕನ್ನು ತಗ್ಗಿಸಿ ಎಲೆಯನ್ನು ನೇರ ಬಿಸಿಲಿನಿಂದ ಕಾಪಾಡುತ್ತದೆಯೇ ಹೊರತು, ಸುತ್ತ ಬೀಸುವ ಒಣ ಬಿಸಿಗಾಳಿಯನ್ನು ತಡೆಯಲಾರದು. ಬೇರು ಹೀರುವುದಕ್ಕಿಂತ ವೇಗವಾಗಿ ಎಲೆಯಿಂದ ನೀರು ಆವಿಯಾದಾಗ ಟೋಡ್ ಲಿಲಿಯ ಎಲೆಯಂಚು ಕಂದುಬಣ್ಣಕ್ಕೆ ತಿರುಗಿ ಸುಡುತ್ತದೆ.

ಮಣ್ಣೂ ಅನುಕೂಲಕರವಲ್ಲ. ಬೀದರ್ ಪ್ರಸ್ಥಭೂಮಿಯ ಜಂಬಿಟ್ಟಿಗೆಯ ಕೆಂಪು ಮಣ್ಣಿನಲ್ಲಿ ನೀರು ಬೇಗ ಇಂಗಿಹೋಗುತ್ತದೆ. ಕಪ್ಪು ಮಣ್ಣು ಮಳೆಗಾಲದಲ್ಲಿ ಕೆಸರಾಗಿ ಗೆಡ್ಡೆ ಕೊಳೆಯಿಸಿದರೆ, ಬೇಸಿಗೆಯಲ್ಲಿ ಬಿರುಕು ಬಿಟ್ಟು ಬೇರು ಹರಿಯುತ್ತದೆ. ಮೇ ತಿಂಗಳಲ್ಲಿ ಕುಡಿಯುವ ನೀರಿಗೇ ಸರದಿ ಕಾಯುವ ಬಡಾವಣೆಗಳಲ್ಲಿ ಒಂದು ಹೂವಿಗಾಗಿ ದಿನಕ್ಕೆರಡು ಬಾರಿ ನೀರುಣಿಸುವುದು ವಿವೇಕವೂ ಅಲ್ಲ.

ಬೇಸಿಗೆಯಲ್ಲಿ ನಿದ್ರಿಸುವ ಗಿಡಗಳು

ಹಾಗಾದರೆ ನೆರಳಿನ ಮೂಲೆ ಬರಿದಾಗಿಯೇ ಇರಬೇಕೆ? ಬೇಕಿಲ್ಲ. ಕಡುಬೇಸಿಗೆಯನ್ನು ಎದುರಿಸುವ ಬದಲು ಗೆಡ್ಡೆಯ ರೂಪದಲ್ಲಿ ಮಣ್ಣೊಳಗೆ ಮಲಗಿ, ಮಳೆ ಬಂದೊಡನೆ ಏಳುವ ಸಸ್ಯಗಳು ಈ ನೆಲಕ್ಕೆ ಸೂಕ್ತ.

ಮೊದಲನೆಯದು ನಮ್ಮದೇ ಕಾಡುಮೇಡುಗಳ ಗೌರಿ ಹೂವು. ಅಗ್ನಿಶಿಖೆ ಎಂಬ ಹೆಸರೂ ಇದಕ್ಕುಂಟು. ಟೋಡ್ ಲಿಲಿ ಇರುವ ಲಿಲಿ ಕುಟುಂಬದಲ್ಲಿಯೇ ಇದನ್ನೂ ಹಿಂದೆ ಸೇರಿಸಲಾಗಿತ್ತು. ಈಗ ಪ್ರತ್ಯೇಕ ಕುಟುಂಬಕ್ಕೆ ಸೇರಿಸಿದ್ದಾರೆ. ಮೇ ಕೊನೆಯಲ್ಲಿ ಗೆಡ್ಡೆಯನ್ನು ಅಡ್ಡಲಾಗಿ, ಎರಡರಿಂದ ಮೂರು ಅಂಗುಲ ಆಳದಲ್ಲಿ ನೆಡಬೇಕು. ಮೊಳಕೆಯ ತುದಿ ಮುರಿಯದಂತೆ ಎಚ್ಚರ ವಹಿಸಬೇಕು. ಎಲೆಯ ತುದಿಯೇ ಸುರುಳಿಯಾಗಿ ಆಸರೆ ಹಿಡಿಯುವುದರಿಂದ ಒಂದು ಬೇಲಿ ಅಥವಾ ಒಣ ರೆಂಬೆ ಸಾಕು. ಬೆಳಗಿನ ಬಿಸಿಲು ತಾಗುವ ಅರೆನೆರಳು ಇದಕ್ಕೆ ಹಿತ. ಹಳದಿಯಿಂದ ಕೆಂಪಿಗೆ ತಿರುಗುವ ಹೂಗಳು ಗೌರಿ ಹಬ್ಬದ ಹೊತ್ತಿಗೆ ಕಾಣಿಸಿಕೊಳ್ಳುತ್ತವೆ.

ಎರಡನೆಯದು ಆಫ್ರಿಕಾ ಮೂಲದ ಫುಟ್‌ಬಾಲ್ ಲಿಲಿ. ಮೊದಲ ಮಳೆಗಳ ಹೊತ್ತಿಗೆ ಅರಳುವ ಇದನ್ನು ಅನೇಕರು ಮೇ ಫ್ಲವರ್ ಎಂದೇ ಕರೆಯುತ್ತಾರೆ. ನೂರಾರು ಕಿರುಹೂಗಳು ಸೇರಿ ಕೆಂಪು ಚೆಂಡಾಗುತ್ತವೆ. ಮರದಡಿಯ ಚದುರಿದ ನೆರಳಿನಲ್ಲಿ ಇದು ಚೆನ್ನಾಗಿ ಬೆಳೆಯುತ್ತದೆ. ಎಲೆ ಹಳದಿಯಾದ ಮೇಲೆ ನೀರು ನಿಲ್ಲಿಸಿ ಗೆಡ್ಡೆಗೆ ವಿಶ್ರಾಂತಿ ನೀಡಬೇಕು.

ಎರಡಕ್ಕೂ ಕೆಂಪು ಮಣ್ಣು, ಮರಳು, ಕೊಳೆತ ಸಗಣಿಗೊಬ್ಬರಗಳ ಸಮಪಾಲಿನ ಮಿಶ್ರಣ ಸಾಕು. ಕಪ್ಪು ಮಣ್ಣಿನ ಹಿತ್ತಲಾದರೆ ಅರ್ಧ ಅಡಿಗೂ ಎತ್ತರದ ಮಡಿ ಕಟ್ಟಬೇಕು. ದೊಡ್ಡ ಮರದ ಬೇರುಗಳು ನೀರನ್ನೆಲ್ಲ ಕಸಿದುಕೊಳ್ಳುವಲ್ಲಿ ಕುಂಡಗಳೇ ಲೇಸು.

ಒಂದು ಎಚ್ಚರಿಕೆ

ಇವೆರಡೂ ವಿಷಯುಕ್ತ. ಗೌರಿ ಹೂವಿನ ಗೆಡ್ಡೆಯಲ್ಲಿರುವ ಕಾಲ್ಚಿಸಿನ್ ಪ್ರಾಣಕ್ಕೇ ಎರವಾಗಬಲ್ಲದು. ಗೆಡ್ಡೆ ಮುಟ್ಟುವಾಗ ಕೈಗವಸು ಧರಿಸಬೇಕು. ಚಿಕ್ಕ ಮಕ್ಕಳು, ದನಕರುಗಳು ಓಡಾಡುವ ಕಡೆ ನೆಡಬಾರದು.

ಟೋಡ್ ಲಿಲಿಯ ಆಸೆ ಬಿಡದವರು ಒಂದೇ ಗಿಡವನ್ನು ಕುಂಡದಲ್ಲಿಟ್ಟು, ಬೇಸಿಗೆಯಲ್ಲಿ ಮನೆಯ ಅತಿ ತಂಪಾದ ಬೆಳಕಿನ ಮೂಲೆಗೆ ಸಾಗಿಸಿ ಪ್ರಯೋಗಿಸಬಹುದು. ಸೋತರೆ ಅದು ಅವರ ಆರೈಕೆಯ ದೋಷವಲ್ಲ.

ಮುಂದೆ ಕಲ್ಯಾಣವನ್ನು ರಾಜಧಾನಿ ಮಾಡಿಕೊಂಡ ಚಾಲುಕ್ಯರ ಆಶ್ರಯದಲ್ಲಿ, 1025ರ ಸುಮಾರಿಗೆ ಚಾವುಂಡರಾಯ ರಚಿಸಿದ ಕನ್ನಡದ ‘ಲೋಕೋಪಕಾರ’ದಲ್ಲಿ ವೃಕ್ಷಾಯುರ್ವೇದಕ್ಕೂ ಸ್ಥಾನವಿದೆ. ಗಿಡಮರಗಳ ವಿಚಾರ ಈ ನೆಲಕ್ಕೆ ಹೊಸದಲ್ಲ. ಗಿಡ ಆರಿಸುವಾಗ ಅದರ ಚಿತ್ರ ನೋಡುವ ಮೊದಲು ನಮ್ಮ ಹಿತ್ತಲಿನ ಮಣ್ಣು, ನೀರು, ಗಾಳಿಯನ್ನು ನೋಡುವುದು ಜಾಣತನ.