ಒಕ್ಕಲೆಬ್ಬಿಸುವುದು

ಮಿತ್ರರೊಬ್ಬರಿಗೆ ನ್ಯಾಯಾಲಯದಿಂದ ಕನ್ನಡದಲ್ಲಿ ನೋಟೀಸು ಬಂದಿತ್ತು. ಇಪ್ಪತ್ತು ವರ್ಷ ಬಾಡಿಗೆಗಿದ್ದ ಮನೆಯಿಂದ ಅವರನ್ನು 'ಒಕ್ಕಲೆಬ್ಬಿಸಬೇಕೆಂದು' ಮಾಲೀಕರು ಪ್ರಾರ್ಥಿಸಿದ್ದರು. ಮನೆ ಬಿಡುವ ಚಿಂತೆಗಿಂತ ಆ ಮಾತೇ ಅವರನ್ನು ಹೆಚ್ಚು ಚುಚ್ಚಿತ್ತು. "ನಾನು ಗುಮಾಸ್ತ. ಗದ್ದೆ ಗೇಯ್ದವನಲ್ಲ. ಒಕ್ಕಲು ಹೇಗಾದೆ?" ಎಂದು ಕೇಳಿದರು.

ಒಕ್ಕಲು ಎಂದರೆ ಗೇಣಿದಾರ ಎಂಬುದು ನಮಗೆ ರೂಢಿಯಾದ ಅರ್ಥ. ಆದರೆ ಆ ಶಬ್ದಕ್ಕೆ ವಾಸ, ಬಿಡಾರ, ಸಂಸಾರ ಎಂಬ ಅರ್ಥಗಳೂ ಇವೆ. ಹಳ್ಳಿಯ ಗಾತ್ರವನ್ನು 'ನಲವತ್ತು ಒಕ್ಕಲಿನ ಊರು' ಎಂದು ಹೇಳುವುದುಂಟು. ಅಲ್ಲಿ ಎಣಿಸಿರುವುದು ಗದ್ದೆಗಳನ್ನಲ್ಲ, ಉರಿಯುವ ಒಲೆಗಳನ್ನು. ಕರಾವಳಿಯಲ್ಲಿ ಗೃಹಪ್ರವೇಶಕ್ಕೆ 'ಮನೆ ಒಕ್ಕಲು' ಎನ್ನುತ್ತಾರೆ. ಮನೆದೇವರಿಗೆ ನಡೆದುಕೊಳ್ಳುವ ಕುಟುಂಬಗಳೂ ಆ ದೇವರ ಒಕ್ಕಲುಗಳೇ. ಊರು ಬಿಟ್ಟು ಬೆಂಗಳೂರು ಸೇರಿದರೂ ಈ ಒಕ್ಕಲುತನ ತಪ್ಪುವುದಿಲ್ಲ. ದೇವರು ನೋಟೀಸು ಕೊಟ್ಟದ್ದನ್ನು ನಾನು ಕೇಳಿಲ್ಲ.

'ಎಬ್ಬಿಸು' ಎಂಬ ಉತ್ತರಪದವನ್ನೂ ಗಮನಿಸಬೇಕು. ಮಲಗಿದವರನ್ನು ಎಬ್ಬಿಸುತ್ತೇವೆ, ಪಂಕ್ತಿಯಲ್ಲಿ ಕುಳಿತವರನ್ನು ಎಲೆಯ ಮುಂದಿನಿಂದ ಎಬ್ಬಿಸಿದರೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ನೆಲೆಯಾಗಿ ಕುಳಿತ ಸಂಸಾರವೊಂದನ್ನು ಇನ್ನೊಬ್ಬರು ಬಂದು ಏಳಿಸುವುದು: ಶಬ್ದದಲ್ಲಿ ಇಷ್ಟೂ ಇದೆ.

ಈ ಭಯ ಎಲ್ಲ ಒಕ್ಕಲುಗಳಿಗೂ ಒಂದೇ ಸಮನಾಗಿರಲಿಲ್ಲ. ದಕ್ಷಿಣ ಕನ್ನಡದಲ್ಲಿ ಮೂಲಗೇಣಿಯವನ ಹಕ್ಕು ಶಾಶ್ವತ. ಚಾಲಗೇಣಿಯವನದು ಧಣಿಯ ಮರ್ಜಿ ಇರುವಷ್ಟು ದಿನ. ಅವನು ನೆಟ್ಟ ತೆಂಗು ಫಲ ಕೊಡುವ ಹೊತ್ತಿಗೆ ಅವನೇ ಅಲ್ಲಿರುವನೆಂಬ ಭರವಸೆ ಇರಲಿಲ್ಲ. ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರಲ್ಲಿ ನಡೆದ ಸತ್ಯಾಗ್ರಹಕ್ಕೆ ಮೊದಲ ಕಾರಣ ಗೇಣಿ ಅಳೆಯುವ ಕೊಳಗದ ಗಾತ್ರ. ಒಂದು ಕೊಳಗದ ಜಗಳ ಉಳುವ ಹಕ್ಕಿನ ಪ್ರಶ್ನೆಯಾಗಿ ಬೆಳೆಯಿತು. ಭೂಸುಧಾರಣಾ ಕಾಯಿದೆ 1961ರಲ್ಲಿಯೇ ಬಂದಿದ್ದರೂ, ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ 1974ರ ಮಾರ್ಚ್ 1ರಂದು ಗೇಣಿಯ ಜಮೀನುಗಳು ಸರ್ಕಾರದಲ್ಲಿ ನಿಹಿತವಾದವು. ಉಳುವವನು ಅರ್ಜಿ ಹಾಕಿ ಹಕ್ಕು ಪಡೆಯುವ ದಾರಿ ತೆರೆಯಿತು. ಅಲ್ಲಿಂದ ಮುಂದೆ ಈ ಶಬ್ದ ಹೊಲದಿಂದ ಪೇಟೆಗೆ, ಬಾಡಿಗೆ ಮನೆಯ ವ್ಯಾಜ್ಯಗಳಿಗೆ ಹೆಚ್ಚಾಗಿ ಸಲ್ಲತೊಡಗಿತೆಂದು ನನಗೆ ತೋರುತ್ತದೆ.

ಈಚೆಗೆ ಇದಕ್ಕೊಬ್ಬ ಪ್ರತಿಸ್ಪರ್ಧಿ ಬಂದಿದ್ದಾನೆ: 'ತೆರವು'. ಪೇಟೆಯ ಮಾತಿನ 'ಖಾಲಿ ಮಾಡಿಸು' ಎಂಬುದರ ಸಭ್ಯ ರೂಪ ಅದು. ಒತ್ತುವರಿ ತೆರವು, ಗುಡಿಸಲು ತೆರವು ಎಂದು ಸುದ್ದಿಗಳಲ್ಲಿ ಓದುತ್ತೇವೆ. ತಪ್ಪು ಕನ್ನಡವೇನಲ್ಲ. ಆದರೆ ತೆರವಾಗುವುದು ಜಾಗ, ಏಳುವವರು ಜನ. 'ನೂರು ಗುಡಿಸಲುಗಳನ್ನು ತೆರವುಗೊಳಿಸಲಾಯಿತು' ಎಂಬ ವಾಕ್ಯದಲ್ಲಿ ಎಬ್ಬಿಸಿದವರೂ ಇಲ್ಲ, ಎದ್ದವರೂ ಇಲ್ಲ. ಮಗುವನ್ನು ಎತ್ತಿಕೊಂಡು ಪಾತ್ರೆಗಳೊಡನೆ ರಸ್ತೆಯ ಬದಿಯಲ್ಲಿ ನಿಂತವಳಿಗೆ ವ್ಯಾಕರಣದಲ್ಲಿಯೂ ಸ್ಥಳವಿಲ್ಲ. ಒಕ್ಕಲೆಬ್ಬಿಸು ಎನ್ನುವಾಗ ಅವಳ ಹೆಸರು ಬಾರದಿದ್ದರೂ ಅವಳ ಸಂಸಾರ ಬಂದೇ ಬರುತ್ತದೆ.

ಮಿತ್ರರಿಗೆ ಇದನ್ನೆಲ್ಲ ಹೇಳಿದೆ. ಅವರು ನೋಟೀಸನ್ನು ಮತ್ತೊಮ್ಮೆ ಓದಿ, "ಶಬ್ದ ಇರಲಿ ಬಿಡಿ, ವಕೀಲರನ್ನು ನೋಡೋಣ" ಎಂದರು.